ಅಪ್ಪನ ಬಿಪಿ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು: ನಿಮ್ಮ ಮನೆಯಲ್ಲಿ ಹೇಗೆ?

ಸುರತ್ಕಲ್‌ನಿಂದ: ಅಪ್ಪನಿಗೆ 74 ವರ್ಷ, ಬಿಪಿ ಮಾತ್ರೆ ಶುರುವಾಗಿ ತುಂಬಾ ವರ್ಷ ಆಯ್ತು. ಹೊಸ ಮಿಷನ್ ತಂದದ್ದೇ ತಲೆನೋವು. ಬೆಳಿಗ್ಗೆ 158, ಊಟ ಆದ ಮೇಲೆ 112, ರಾತ್ರಿ 140. ನಾಡಿ ಒಮ್ಮೆ 56, ಒಮ್ಮೆ 84. ಮಿಷನ್ ಹಾಳಾ?

ಉಡುಪಿಯಿಂದ: ಮಿಷನ್‌ಗೆ ಬೈಯಬೇಡಿ. ಬಿಪಿ ದಿನವಿಡೀ ಒಂದೇ ಥರ ಇರುವುದಿಲ್ಲ. ಸಾಮಾನ್ಯವಾಗಿ ನಿದ್ದೆಯಲ್ಲಿ ನೂರಕ್ಕೆ 10ರಿಂದ 20ರಷ್ಟು ಇಳಿದು, ಏಳುವ ಹೊತ್ತಿಗೆ ಮೇಲೆ ಹೋಗುತ್ತದೆ, ವಯಸ್ಸಾದವರಲ್ಲಿ ಈ ಏರಿಳಿತ ಇನ್ನೂ ಜಾಸ್ತಿ. ಆದರೆ ನೋಡುವ ಕ್ರಮವೂ ಸರಿ ಇರಬೇಕು. ನಾನು ಅಮ್ಮ ಒಲೆ ಹತ್ತಿರದಿಂದ ಬಂದು ಕೂತ ಕೂಡಲೇ ಪಟ್ಟಿ ಸುತ್ತಿ ಬಟನ್ ಒತ್ತುತ್ತಿದ್ದೆ, ಅವರು ಆ ಕಡೆ ಅಂಗಳದಲ್ಲಿದ್ದ ಮೀನಿನವರ ಹತ್ತಿರ ಬಂಗುಡೆಗೆ ಚೌಕಾಸಿ ಮಾಡುತ್ತಿದ್ದರು. 166! ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ಮಾತಿಲ್ಲದೆ ಕೂರಿಸಿ ನೋಡಿದರೆ 144. ಈಗ ಬೆಳಿಗ್ಗೆ ಮಾತ್ರೆಗೂ ಕಾಫಿಗೂ ಮೊದಲು ಎರಡು ಸಲ ಬಿಪಿ ನೋಡುತ್ತೇನೆ, ನಡುವೆ ಒಂದು ನಿಮಿಷ ಬಿಟ್ಟು. ರಾತ್ರಿ ಮಲಗುವ ಮೊದಲೂ ಹಾಗೆಯೇ. ಹಳೇ ಡೈರಿಯಲ್ಲಿ ಬರೆದಿಡುತ್ತೇನೆ, ಪಕ್ಕದಲ್ಲಿ ಕಾರಣವನ್ನೂ. ಒಂದು ದಿನದ್ದು ಹೀಗಿದೆ: '162, ರಾತ್ರಿಯಿಡೀ ಯಕ್ಷಗಾನ ಆಟ ನೋಡಿದ್ದು.' ಡಾಕ್ಟರು ಆ ಒಂದು ಸಂಖ್ಯೆ ಬಿಟ್ಟು ಇಡೀ ವಾರದ ಸರಾಸರಿ ನೋಡಿದರು. ಮನೆಯಲ್ಲಿ ಸರಾಸರಿ 135/85 ದಾಟಿದರೆ ಜಾಸ್ತಿ ಅಂತ ಲೆಕ್ಕವಂತೆ.

ಕದ್ರಿಯಿಂದ: ನನಗೆ ಆ 112ರದ್ದೇ ಯೋಚನೆ. ನಮ್ಮ ಮಾವ ಊಟ ಮಾಡಿ ಎದ್ದವರು ತಲೆ ತಿರುಗಿ ಚಾವಡಿಯಲ್ಲೇ ಬಿದ್ದರು. ವಯಸ್ಸಾದವರಿಗೆ ಊಟ ಆದ ಮೇಲೆ ಬಿಪಿ ಇಳಿಯುವುದುಂಟು. ಕೂತಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಒಮ್ಮೆ ನೋಡಿ, ಮೇಲಿನ ಸಂಖ್ಯೆ 20 ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ನೀವೇ ಮಾತ್ರೆ ಅರ್ಧ ಮಾಡಬೇಡಿ, ನಾವು ಮಾಡಿ ಬೈಗುಳ ತಿಂದಿದ್ದೇವೆ. ನಾಡಿ 56 ಅಂದ್ರಲ್ಲ, ಚೀಟಿಯಲ್ಲಿ ಮೆಟೊಪ್ರೊಲಾಲ್ ಅಥವಾ ಅಟೆನೊಲಾಲ್ ಇದೆಯಾ? ಅವು ಬಡಿತ ಇಳಿಸುತ್ತವೆ. ಬಡಿತ ಒಂದೇ ಸಮ ಇಲ್ಲದೆ ತಪ್ಪಿ ತಪ್ಪಿ ಬಂದರೆ ಮಾತ್ರ ಕಾಯಬೇಡಿ, ಇಸಿಜಿ ಮಾಡಿಸಿ.

ಕುಂದಾಪುರದಿಂದ: ಉಪ್ಪು ನೋಡಿ ಮಾರಾಯ್ರೆ. ದಿನಕ್ಕೆ 5 ಗ್ರಾಂ ಒಳಗೆ ಅಂತಾರೆ. ಗಂಜಿ ಜೊತೆ ಉಪ್ಪಿನಕಾಯಿ, ಒಣಮೀನು, ಮಳೆಗಾಲದಲ್ಲಿ ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಎಲ್ಲಾ ಸೇರಿದರೆ ಎಲ್ಲಿಗೆ ಮುಟ್ಟುತ್ತದೆ?

ಸುರತ್ಕಲ್‌ನಿಂದ: ಚೀಟಿ ನೋಡಿದೆ, ಮೆಟೊಪ್ರೊಲಾಲ್ ಇದೆ. ನಾಳೆಯಿಂದ ಡೈರಿ ಶುರು, ವಾರ ಬಿಟ್ಟು ಡಾಕ್ಟರ ಹತ್ತಿರ. ಒಣಮೀನಿನ ವಿಷಯ ಅಪ್ಪನಿಗೆ ನೀವೇ ಯಾರಾದರೂ ಫೋನ್ ಮಾಡಿ ಹೇಳಿ.