ರಾಡು ಹಾಕಿದ್ದು ಮೂಳೆಗೆ, ಚಿಕ್ಕಮ್ಮ

ಚಿಕ್ಕಮ್ಮ, ನಿಮ್ಮ ಮೆಸೇಜ್ ಈಗ ನೋಡ್ದೆ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಹೇಳಿಬಿಡ್ತೀನಿ, ಪೂರ್ತಿ ಕೇಳಿ. ತಮ್ಮ ಅಡಿಕೆ ಕೊನೆ ತೆಗೆಯೋಕೆ ಮರ ಹತ್ತಿ, ಬಿದ್ದು ಬೆನ್ನುಮೂಳೆ ಮುರ್ಕೊಂಡು 12 ದಿನ ಆಯ್ತು, ಆಪರೇಷನ್ ಆದ್ರೂ ಕಾಲು ಯಾಕೆ ಅಲ್ಲಾಡ್ತಿಲ್ಲ, ಎಣ್ಣೆ ತಿಕ್ಕಿಸ್ಲಾ ಅಂತ ಕೇಳಿದೀರಿ. ನಮ್ಮನೆಯವರು ಬಿದ್ದಾಗ ನಾನೂ ಎಲ್ಲರ ಹತ್ರ ಇದನ್ನೇ ಕೇಳ್ಕೊಂಡು ಓಡಾಡಿದೀನಿ.

ರಾಡು, ಸ್ಕ್ರೂ ಎಲ್ಲ ಮೂಳೆಗೆ. ಮುರಿದ ಮೂಳೆ ಅಲ್ಲಾಡಬಾರದು, ಅದರೊಳಗಿನ ಬೆನ್ನುಹುರಿ ಮೇಲಿನ ಒತ್ತಡ ಹೋಗಬೇಕು ಅಂತ ಹಾಕ್ತಾರೆ. ಒಳಗೆ ಜಜ್ಜಿಹೋದ ಬೆನ್ನುಹುರಿನ ಸರಿ ಮಾಡೋ ಆಪರೇಷನ್ ಇನ್ನೂ ಬಂದಿಲ್ಲ. ಏಟು ಬಿದ್ದ ಶುರುವಲ್ಲಿ ಕೆಲವು ವಾರ ಹುರಿ ಮಂಕು ಬಡಿದ ಹಾಗಿರುತ್ತೆ, ಸ್ಪೈನಲ್ ಶಾಕ್ ಅಂತಾರೆ. ಅದಕ್ಕೇ ಇವತ್ತೇ ಇಷ್ಟೇ ಅಂತ ಯಾರೂ ಹೇಳೋಕಾಗಲ್ಲ. ಡಾಕ್ಟ್ರನ್ನ ಇಷ್ಟು ಕೇಳಿ: ಇಂಜುರಿ ಕಂಪ್ಲೀಟಾ, ಇನ್‌ಕಂಪ್ಲೀಟಾ, ಅಂದ್ರೆ ಹುರಿಯ ಕೆಲಸ ಪೂರ್ತಿ ನಿಂತಿದೆಯಾ, ಸ್ವಲ್ಪ ಉಳಿದಿದೆಯಾ? ಗುದದ್ವಾರದ ಹತ್ರ ಮುಟ್ಟಿದ್ರೆ ಅವನಿಗೆ ಗೊತ್ತಾಗುತ್ತಾ? ನಾಚ್ಕೋಬೇಡಿ. ಅಲ್ಲಿ ಒಂಚೂರು ಗೊತ್ತಾದ್ರೂ ಆಸೆ ಇಟ್ಕೋಬಹುದು.

ಎಣ್ಣೆಯವರಿಗೆ ಬೆನ್ನು ಮುಟ್ಟೋಕೆ ಬಿಡಬೇಡಿ. ಕಾಲಿಗೆ ಬಿಸಿನೀರಿನ ಚೀಲಾನೂ ಬೇಡ, ಸುಟ್ಟು ಬೊಬ್ಬೆ ಎದ್ರೂ ಅವನಿಗೆ ಗೊತ್ತಾಗಲ್ಲ.

ಈಗ ಹೇಳೋದನ್ನ ಮಾತ್ರ ಗಟ್ಟಿ ಹಿಡ್ಕೊಳ್ಳಿ. ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಿಸಲೇಬೇಕು, ರಾತ್ರಿನೂ. ಹೇಗೆ ಹೊರಳಿಸೋದು ಅಂತ ನರ್ಸ್ ಹತ್ರ ಕಲೀರಿ, ಬೆನ್ನು ತಿರುಚಬಾರದು. ನಮ್ಮನೆಯವರ ಬಾಲಮೂಳೆ ಮೇಲೆ ಒಂದು ರೂಪಾಯಿ ಅಗಲ ಕೆಂಪಾಗಿತ್ತು. ಬೆರಳಲ್ಲಿ ಒತ್ತಿದ್ರೂ ಆ ಕೆಂಪು ಬಿಳುಚಲಿಲ್ಲ. ಮಲಗಿದ್ದಕ್ಕೆ ಹಾಗಾಗಿದೆ ಅಂದ್ಕೊಂಡು ಪೌಡರ್ ಹಾಕಿ ಸುಮ್ನಾದೆ. ಹತ್ತು ದಿನಕ್ಕೆ ಚರ್ಮ ಕಪ್ಪಾಗಿ ಬಿಟ್ಕೊಂಡು, ಗಾಯದೊಳಗೆ ಬೆರಳು ಹೋಗೋಷ್ಟು ಆಳ ಆಯ್ತು. ಆಮೇಲೆ ಐದು ತಿಂಗಳು ಹೊಟ್ಟೆ ಮೇಲೇ ಮಲಗಿದ್ರು. ದಿನಾ ಬೆಳಿಗ್ಗೆ ಟಾರ್ಚ್ ಹಾಕಿ ಬೆನ್ನು, ಸೊಂಟ, ಹಿಮ್ಮಡಿ ನೋಡಿ ಚಿಕ್ಕಮ್ಮ.

ಮೂತ್ರದ ಪೈಪು ಯಾವಾಗ ತೆಗೀತಾರೆ ಅಂತಾನೂ ವಿಚಾರಿಸಿ. ಆಮೇಲೆ ನಾಲ್ಕರಿಂದ ಆರು ಗಂಟೆಗೊಮ್ಮೆ ಸಣ್ಣ ನಳಿಗೆ ಹಾಕಿ ಖಾಲಿ ಮಾಡೋದು ಕಲಿಸ್ತಾರೆ. ಕೈ ಚೆನ್ನಾಗಿದೆ, ಅವನೇ ಮಾಡ್ಕೋತಾನೆ. ಅದು ತಪ್ಪಿದ್ರೆ ಕಿಡ್ನಿಗೆ ಪೆಟ್ಟು.

ಡಿಸ್ಚಾರ್ಜ್ ಮಾಡಿ ನೇರ ಮನೆಗೆ ಕರ್ಕೊಂಡು ಬರಬೇಡಿ, ರಿಹ್ಯಾಬ್‌ಗೆ ಸೇರಿಸಿ, ಗಾಲಿಕುರ್ಚೀಲಿ ಬದುಕೋದನ್ನ ಅಲ್ಲಿ ಕಲಿಸ್ತಾರೆ. ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ, ವೆಲ್ಲೂರಲ್ಲಿ ಸಿ.ಎಂ.ಸಿ. ಆಸ್ಪತ್ರೆ ಇದೆ. ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್‌ಗೆ 1954ರಲ್ಲಿ ಕಾರು ಅಪಘಾತ ಆಗಿ ಕಾಲಿನ ಸ್ವಾಧೀನ ಹೋಯ್ತು. ಆಮೇಲೆ ಗಾಲಿಕುರ್ಚೀಲಿ ಕೂತೇ ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡಿದ್ರು, ಅಲ್ಲಿನ ರಿಹ್ಯಾಬ್ ವಿಭಾಗ ಕಟ್ಟಿದ್ರು. ತಮ್ಮನಿಗೆ ಈ ಕತೆ ಹೇಳಿ, ಆದ್ರೆ ಈಗಲೇ ಬೇಡ, ಮೊದಲು ಅತ್ತು ಹಗುರಾಗಲಿ.

ನಮ್ಮನೆಯವರು ನಡೆಯಲ್ಲ, ನಿಮಗೆ ಗೊತ್ತಿರೋದೇ. ಈಗ ಇಲ್ಲೇ ಅಂಗಳದಲ್ಲಿ ಗಾಲಿಕುರ್ಚೀಲಿ ಕೂತು ಚಾಲಿ ಅಡಿಕೆ ಆರಿಸ್ತಿದಾರೆ. ಮತ್ತೆ ಹುಣ್ಣಾಗಬಾರದು ಅಂತ ಇಪ್ಪತ್ತು ನಿಮಿಷಕ್ಕೊಂದ್ಸಲ ಎರಡೂ ಕೈ ಊರಿ ಕುರ್ಚಿಯಿಂದ ಮೇಲೆದ್ದು ಸ್ವಲ್ಪ ಹೊತ್ತು ತಡೆದು ಕೂರ್ತಾರೆ, ಯಾರೂ ನೆನಪಿಸಬೇಕಿಲ್ಲ.

ಏರ್‌ಬೆಡ್ ಕೊಳ್ಳೋಕೆ ಹೋಗಬೇಡಿ, ನಮ್ಮದು ಅಟ್ಟದ ಮೇಲಿದೆ, ಇವತ್ತೇ ಇಳಿಸಿ ಗಾಳಿ ತುಂಬಿ ನೋಡ್ತೀನಿ. ಚಿಕ್ಕಪ್ಪನಿಗೆ ಹೇಳಿ ಬಚ್ಚಲು ಬಾಗಿಲಿನ ಅಗಲ ಎಷ್ಟು ಇಂಚಿದೆ ಅಂತ ಅಳತೆ ತೆಗೆಸಿ, ನನಗೆ ಕಳಿಸಿ.