ಆಳ ಸಮುದ್ರದ ಸಬ್‌ಮರ್ಸಿಬಲ್ ಸವಾರಿ: ಹಾಸನದ ನಿವೃತ್ತ ಹಡಗು ಸರ್ವೇಯರ್ ಜೊತೆ ಪ್ರಶ್ನೋತ್ತರ

ಅರಸೀಕೆರೆ ತೆಂಗು: ಸರ್, ಮಗಳು ಅಳಿಯ ಈಜಿಪ್ಟ್‌ಗೆ ಹೊರಟಿದ್ದಾರೆ. ಅಲ್ಲಿ ಟೂರಿಸ್ಟ್ ಸಬ್‌ಮರೀನ್ ಹತ್ತುತ್ತಾರಂತೆ. ಟೈಟಾನಿಕ್ ಹಡಗಿನ ಅವಶೇಷ ನೋಡಲು ಇಳಿದು ಒಡೆದುಹೋದ ಟೈಟಾನ್ ಸಬ್‌ಮರ್ಸಿಬಲ್ ತರಹ ಆಗಲ್ಲ ಅಲ್ವಾ?

ಸರ್ವೇಯರ್: ಅದೇ ಬೇರೆ, ಇದೇ ಬೇರೆ. ಟೈಟಾನ್ ಹೊರಟಿದ್ದು ಸುಮಾರು 3,800 ಮೀಟರ್ ಆಳಕ್ಕೆ. ಇವು ಹೋಗುವುದು ಹವಳ ಕಾಣುವಷ್ಟು ಆಳಕ್ಕೆ ಮಾತ್ರ. ಹಾಗಂತ ಅಪಾಯ ಇಲ್ಲ ಅಂತಲ್ಲ. 2025ರ ಮಾರ್ಚ್‌ನಲ್ಲಿ ಈಜಿಪ್ಟಿನ ಹುರ್ಘಾದಾದಲ್ಲಿ ಇಂಥದೇ ಒಂದು ಮುಳುಗಿ 6 ಪ್ರವಾಸಿಗರು ತೀರಿಕೊಂಡರು. ಕ್ಲಾಸ್ ಸರ್ಟಿಫಿಕೇಟ್, ಅಂದರೆ ಹೊರಗಿನ ತಪಾಸಣಾ ಸಂಸ್ಥೆ ಪರೀಕ್ಷಿಸಿ ಕೊಟ್ಟ ಪತ್ರ, ಕೇಳಿ.

ಮೆಕ್ಯಾನಿಕಲ್ ಕೊನೆ ವರ್ಷ: ವಿಮಾನಕ್ಕೆ ಕಾರ್ಬನ್ ಫೈಬರ್ ನಡೆಯುತ್ತೆ, ಸಮುದ್ರಕ್ಕೆ ಯಾಕೆ ಆಗಲ್ಲ ಸರ್?

ಸರ್ವೇಯರ್: ಕೇಳಬೇಕಾದ ಪ್ರಶ್ನೆ ಇದು. ವಿಮಾನದಲ್ಲಿ ಒಳಗಿನ ಗಾಳಿ ಗೋಡೆಯನ್ನು ಹೊರಕ್ಕೆ ತಳ್ಳುತ್ತೆ, ನಾರು ಎಳೆತ ತಡೆಯುತ್ತೆ. ತೆಂಗಿನ ನಾರಿನ ಹಗ್ಗ ಜಗ್ಗಿ ನೋಡಿ, ಆಮೇಲೆ ಅದನ್ನೇ ಎರಡು ತುದಿಯಿಂದ ಒತ್ತಿ ನೋಡಿ. ಆಳದಲ್ಲಿ ಆಗುವುದು ಈ ಒತ್ತುವಿಕೆ. ಆಗ ನಾರು ಬಾಗದಂತೆ ನಡುವಿನ ಅಂಟೇ ಹಿಡಿದಿರಬೇಕು. ಟೈಟಾನಿಕ್ ಇರುವ ಆಳದಲ್ಲಿ ಉಗುರಿನಷ್ಟು ಜಾಗದ ಮೇಲೆ ಸುಮಾರು 380 ಕಿಲೋ ಭಾರ, ಅಂದರೆ ಏಳು ಮೂಟೆ ಕಾಫಿಗಿಂತ ಜಾಸ್ತಿ. ಟೈಟಾನ್‌ನದು 5 ಇಂಚು ದಪ್ಪದ ಕಾರ್ಬನ್ ಫೈಬರ್ ಕೊಳವೆ, ಎರಡೂ ತುದಿಗೆ ಟೈಟಾನಿಯಂ ಉಂಗುರ ಅಂಟಿಸಿದ್ದು. ಇಳಿದು ಹತ್ತಿದಂತೆಲ್ಲ ಪದರಗಳ ನಡುವೆ ಅಂಟು ಬಿಡುತ್ತಾ ಹೋದರೆ ಹೊರಗಿನಿಂದ ಕಣ್ಣಿಗೆ ಕಾಣಲ್ಲ. 2022ರ ಜುಲೈಯಲ್ಲಿ ಮೇಲೆ ಬರುವಾಗ ಢಂ ಅಂತ ದೊಡ್ಡ ಸದ್ದಾಗಿತ್ತು, ಆಮೇಲೆ ಸೆನ್ಸರ್ ಲೆಕ್ಕವೂ ಬದಲಾಗಿತ್ತು. ಆದರೂ ಚಳಿಗಾಲದಲ್ಲಿ ಬಯಲಲ್ಲೇ ನಿಲ್ಲಿಸಿ, 2023ರ ಜೂನ್ 18ಕ್ಕೆ ಜನರನ್ನು ಕೂರಿಸಿ ಇಳಿಸಿದರು. ಐದೂ ಜನ ಹೋದರು. ನಾವು ಹಡಗಿನ ತಗಡಿಗೆ ಸುತ್ತಿಗೆ ತಟ್ಟಿ ಕಿವಿ ಕೊಡುತ್ತಿದ್ದೆವು. ಸದ್ದು ಮಂಕಾದರೆ ಅಲ್ಲಿಗೇ ಕೆಲಸ ನಿಲ್ಲುತ್ತಿತ್ತು.

ಸಕಲೇಶಪುರ ಮೆಣಸು: ಫಾರ್ವರ್ಡ್ ಬಂದಿದೆ. ನಾಲಿಗೆ ಕೆಳಗೆ ನಾಲ್ಕು ಕಾಳುಮೆಣಸು ಇಟ್ಟುಕೊಂಡರೆ ಒತ್ತಡ ಹತ್ತಲ್ವಂತೆ?

ಸರ್ವೇಯರ್: ಸುಳ್ಳು. ಒಳಗಿರುವುದು ನಾವೀಗ ಉಸಿರಾಡುತ್ತಿರುವ ಒತ್ತಡವೇ. ಆ ಆಳದಲ್ಲಿ ಗೋಡೆ ಒಡೆದರೆ, ಒಳಗಿದ್ದವರಿಗೆ ಗೊತ್ತಾಗುವ ಮೊದಲೇ ಮುಗಿದಿರುತ್ತೆ. ಇಂಥದನ್ನು ಹಂಚಬೇಡಿ, ಯಾರಾದರೂ ನಂಬಿಕೊಂಡು ಹತ್ತಿಬಿಡುತ್ತಾರೆ.

ಕಡೂರು ರೈತ: ಕೋಟಿಗಟ್ಟಲೆ ಕೊಟ್ಟು ಸಾಯೋಕೆ ಹೋದವರ ಚಿಂತೆ ನಮಗ್ಯಾಕೆ?

ಬೇಲೂರು ಟೀಚರ್: ಅವರಲ್ಲಿ 19 ವರ್ಷದ ಹುಡುಗ ಇದ್ದ. ಮಾತು ನೋಡಿ ಆಡಿ.

ಕಡೂರು ರೈತ: ನಮ್ಮ ತೆರಿಗೆ ದುಡ್ಡಲ್ಲೂ ಮತ್ಸ್ಯ 6000 ಅಂತ ಭಾರತದ್ದೇ ಆಳ ಸಮುದ್ರದ ಸಬ್‌ಮರ್ಸಿಬಲ್ ಮಾಡ್ತಿದ್ದಾರೆ. ಅದೂ ಹೀಗೇ ಆದರೆ?

ಬೇಲೂರು ಟೀಚರ್: ಅದು ಸಂಶೋಧನೆಗೆ. ಓದಿಕೊಂಡು ಬನ್ನಿ.

ಕಡೂರು ರೈತ: ಓದಿದವರು ನೀವೊಬ್ಬರೇನಾ?

ಚಿಕ್ಕಮಗಳೂರು ಹೋಂಸ್ಟೇ: ಸರ್, ಕಿಟಕಿ ಗಾಜಿನದಾ? ಅದು ಮೊದಲು ಒಡೆಯಲ್ವಾ?

ಸರ್ವೇಯರ್: ರೈತರೇ, ಟೀಚರ್, ಇಬ್ಬರೂ ಸಾಕು ಮಾಡಿ. ಮತ್ಸ್ಯದಲ್ಲಿ ಮೂವರು ಕೂರುವುದು 2.1 ಮೀಟರ್ ಅಗಲದ, 80 ಮಿಲಿಮೀಟರ್ ದಪ್ಪದ ಟೈಟಾನಿಯಂ ಗೋಳದಲ್ಲಿ. ಗೋಳವಾದರೆ ಭಾರ ಎಲ್ಲ ಕಡೆಗೂ ಸಮನಾಗಿ ಹಂಚುತ್ತೆ.

ಆಲೂರು: ಈಜಿಪ್ಟ್ ಸಬ್‌ಮರೀನ್ ಸೇಫಾ ಸರ್?

ಸರ್ವೇಯರ್: ಮೇಲೆ ಓದಿ.

ಅರಸೀಕೆರೆ ತೆಂಗು: ಸರ್ಟಿಫಿಕೇಟ್ ಕೇಳಿದ್ದಕ್ಕೆ ಏಜೆಂಟ್ ‘ಅದೆಲ್ಲ ಯಾಕೆ, ಏನಾದರೂ ನಮ್ಮ ಹೊಣೆಯಲ್ಲ ಅನ್ನುವ ಬಾಂಡ್‌ಗೆ ಸಹಿ ಹಾಕಿದರೆ ಸಾಕು’ ಅಂದನಂತೆ ಸರ್.

ಸರ್ವೇಯರ್: ಹಾಗಾದರೆ ಬೇಡ. ಟೈಟಾನ್ ಹತ್ತಿದವರಿಂದಲೂ ಸಹಿ ಹಾಕಿಸಿಕೊಂಡಿದ್ದರು, ಅದಕ್ಕೂ ಯಾವ ಸಂಸ್ಥೆಯ ಕ್ಲಾಸೂ ಇರಲಿಲ್ಲ. ಕಟ್ಟಿದ ದುಡ್ಡು ಹೋದರೆ ಹೋಗಲಿ. ಮಗಳಿಗೆ ಈಗಲೇ ಫೋನ್ ಮಾಡಿ.

ಸಕಲೇಶಪುರ ಮೆಣಸು: ಮೆಣಸು ಕಿವಿನೋವಿಗಾದರೂ ಒಳ್ಳೆಯದೇ. ಎಲ್ಲಾ ಸುಳ್ಳು ಅನ್ನಬೇಡಿ.

ಬೇಲೂರು ಟೀಚರ್: ಅಡ್ಮಿನ್, ಇವರನ್ನು ತೆಗೆಯಿರಿ.

ಚಿಕ್ಕಮಗಳೂರು ಹೋಂಸ್ಟೇ: ಕಿಟಕಿ ಬಗ್ಗೆ ಕೇಳಿದ್ದೆ ಸರ್.