ಸಹಾಯ ಬೇಕು: ಮಾಂಸದ ದನಗಳ ಯೋಗಕ್ಷೇಮದ ಮೇಲೆ ಕೆನಡಾದಲ್ಲಿ ಪಿಎಚ್‌ಡಿ

ಎಲ್ಲರಿಗೂ ನಮಸ್ಕಾರ. ಹೆಬ್ಬಾಳದಲ್ಲಿ ಎಂವಿಎಸ್‌ಸಿ (ಪಶುವೈದ್ಯಕೀಯ ಸ್ನಾತಕೋತ್ತರ ಪದವಿ) ಮುಗಿಸಿದ್ದೇನೆ. ಮಾಂಸಕ್ಕೆ ಸಾಕುವ ದನಗಳ ಯೋಗಕ್ಷೇಮದ ಬಗ್ಗೆ ಪಿಎಚ್‌ಡಿ ಮಾಡುವ ಆಸೆ. (ಅಮ್ಮನಿಗೆ ಸುಮ್ನೆ ‘ದನಗಳ ಮೇಲೆ’ ಅಂತಷ್ಟೇ ಹೇಳಿದ್ದೇನೆ!)

ನಮ್ಮೂರಲ್ಲಿ ಹೋರಿಗೆ ಬೀಜ ಒಡೆಸುವಾಗ ನಾಲ್ಕು ಜನ ಕಾಲು ಕಟ್ಟಿ ಕೆಡವುತ್ತಿದ್ದರು. ನೋವಿನ ಇಂಜೆಕ್ಷನ್ ಕೊಡೋಣ ಅಂದರೆ ನಗುತ್ತಿದ್ದರು. ಬರ್ಡಿಜೋ (ಬೀಜ ಒಡೆಯುವ ಇಕ್ಕಳ) ಒತ್ತಿದಾಗ ಒಂದು ಹೋರಿ ಕಣ್ಣು ಮೇಲೆ ಮಾಡಿ ಹಲ್ಲು ಕಡಿದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೆನಡಾದ ಸಾಕಣೆ ನಿಯಮದಲ್ಲಿ 2018ರಿಂದ 6 ತಿಂಗಳು ದಾಟಿದ ಹೋರಿಗೆ ಬೀಜ ಒಡೆಯುವಾಗ ನೋವು ತಗ್ಗಿಸುವ ಔಷಧ ಕೊಡಲೇಬೇಕು. ಅದಕ್ಕಿಂತ ಚಿಕ್ಕ ಕರುವಿಗೂ ನೋವಾಗುತ್ತದೆ ಅಲ್ವಾ? ನಾನು ಹುಡುಕಬೇಕೆಂದಿರುವುದು ಅದನ್ನೇ.

ಕ್ಯಾಲ್ಗರಿ ವಿಶ್ವವಿದ್ಯಾಲಯ ಮೊದಲ ಆಯ್ಕೆ, ಅವರದೇ ದನಗಳ ರಾಂಚ್ ಇದೆ. ವ್ಯಾಂಕೂವರ್‌ನ ಯುಬಿಸಿ (ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ) ಹೆಸರುವಾಸಿ, ಆದರೆ ಅಲ್ಲಿ ಹಾಲಿನ ಹಸುಗಳ ಕೆಲಸವೇ ಜಾಸ್ತಿ.

ಆ ಕಡೆ ಓದುತ್ತಿರುವವರು ಯಾರಾದರೂ ಇದ್ದೀರಾ? ಅರ್ಜಿಗೆ ಮುಂಚೆ ಪ್ರೊಫೆಸರ್‌ಗೆ ಮೇಲ್ ಹಾಕಬೇಕಂತೆ. ನಾಲ್ಕು ಹಾಕಿದೆ, ಒಂದಕ್ಕೂ ಉತ್ತರ ಇಲ್ಲ. ನೀವು ಏನು ಬರೆದಿರಿ? ಸ್ಟೈಪೆಂಡ್‌ನಲ್ಲಿ ಬಾಡಿಗೆ, ಊಟ ನಡೆಯುತ್ತಾ? ಇನ್ನೊಂದು, ರಾಂಚ್‌ಗೆ ಹೋಗಲು ಕಾರು ಓಡಿಸಲು ಬರಲೇಬೇಕಾ? ನನಗೆ ಸ್ಕೂಟರ್ ಮಾತ್ರ ಬರುತ್ತದೆ.